ಕತ್ತರಿಯಕ್ಕನನ್ನು ಹೊರಗೆ ಕೂರಿಸಿದ ದಿನ

ಕತ್ತರಿಯಕ್ಕ ಎಂದರೆ ಇಡೀ ಬೀದಿಗೆ ಗೊತ್ತು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಬಟ್ಟೆ ಕತ್ತರಿಸಿದ ಕೈಗೆ ಸಂದ ಬಿರುದು ಅದು ಎಂದು ಅವಳ ನಂಬಿಕೆ. ಎದುರಿಗಿರುವವರ ಮಾತನ್ನು ಅರ್ಧಕ್ಕೇ ತುಂಡರಿಸುವ ಬಾಯಿಂದ ಬಂದದ್ದು ಎಂದು ಬೀದಿಯವರ ನಂಬಿಕೆ. ಎರಡರಲ್ಲೂ ಸತ್ಯವಿದೆ. ಆದರೆ ಎರಡನೆಯದನ್ನು ಅವಳ ಮುಂದೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಇದ್ದಿದ್ದರೂ ಆ ವಾಕ್ಯ ಮುಗಿಸಲು ಅವಳು ಬಿಡುತ್ತಿರಲಿಲ್ಲ.

ಅವಳಿಗೆ ವಯಸ್ಸು ಎಪ್ಪತ್ತಾರು, ತಂಗಿಗೆ ಎಪ್ಪತ್ತೆರಡು. ಇಬ್ಬರೂ ಸೇರಿ ನಡೆಸುತ್ತಿದ್ದ ಹೊಲಿಗೆ ಅಂಗಡಿ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಒಂದೇ ಕೋಣೆ. ನಡುವೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಹೊಲಿಗೆ ಮಿಷನ್, ಗೋಡೆಗೆ ಒಂದು ನಿಲುವುಗನ್ನಡಿ. ಮೇಜು ಅಕ್ಕನದು, ಮಿಷನ್ ತಂಗಿಯದು, ಗಿರಾಕಿಗಳೂ ಅಕ್ಕನವರೇ. ಯಾರಾದರೂ ಒಳಗೆ ಬಂದು ತಂಗಿಯ ಕಡೆ ತಿರುಗಿ, "ತೋಳು ಎಷ್ಟು ಉದ್ದ ಇಟ್ರೆ ಚೆನ್ನಾಗಿರುತ್ತೆ?" ಎಂದು ಕೇಳಿದರೆ ತಂಗಿ ಮೊದಲು ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು, ಆಮೇಲೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು, ಆಮೇಲೆ ಕೇಳಿದವರ ತೋಳನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಅಕ್ಕ ಉತ್ತರ ಕೊಟ್ಟು, ಅಳತೆ ತೆಗೆದು, ಯಾವತ್ತು ಬಂದು ತಗೊಂಡು ಹೋಗಬೇಕೆಂದೂ ಹೇಳಿ ಮುಗಿಸಿರುತ್ತಿದ್ದಳು.

ತಂಗಿಗೆ ಮಾತು ಬರುತ್ತಿರಲಿಲ್ಲ ಎಂದೇನಲ್ಲ. ಮಾತು ಅವಳ ಒಳಗಿಂದ ಹೊರಟು ಬಾಯಿಗೆ ಬರಲು ಸ್ವಲ್ಪ ಸಮಯ ಬೇಡುತ್ತಿತ್ತು, ಅಷ್ಟೆ. ಅಕ್ಕನ ಹತ್ತಿರ ಇಲ್ಲದಿದ್ದುದೂ ಅದೊಂದೇ. ಅಕ್ಕ ಮದುವೆಯಾಗಿ ಎಂಟು ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ತಂಗಿ ಮದುವೆಯೇ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ತಂಗಿಯನ್ನು ಕೇಳಿದರೆ, "ಅವಳಿಗೆ ಇಷ್ಟ ಇರ್ಲಿಲ್ಲ" ಎಂದು ಅಕ್ಕನೇ ಹೇಳುತ್ತಿದ್ದಳು. ಅದು ನಿಜವೋ ಸುಳ್ಳೋ, ತಂಗಿಗೆ ಕೂಡ ಅದೇ ಉತ್ತರ ರೂಢಿಯಾಗಿಬಿಟ್ಟಿತ್ತು.

ಆ ಕಟ್ಟಡದಲ್ಲಿ ಲಿಫ್ಟ್ ಇತ್ತು. ಮೊದಲು ಕಬ್ಬಿಣದ ಜಾಲರಿ ಬಾಗಿಲಿನ, ಗಡಗಡ ಸದ್ದು ಮಾಡುವ ಲಿಫ್ಟ್. ಆಮೇಲೆ ಹೊಳೆಯುವ ಉಕ್ಕಿನದು ಬಂತು. ಅಕ್ಕತಂಗಿಯರು ಎರಡನ್ನೂ ಹತ್ತಲಿಲ್ಲ. "ನನ್ನ ತಂಗಿಗೆ ಮುಚ್ಚಿದ ಜಾಗ ಅಂದ್ರೆ ಜೀವ ಹೋಗುತ್ತೆ. ನಾನು ಹತ್ತಿಬಿಡ್ತೀನಿ, ಅವಳೊಬ್ಬಳನ್ನ ಮೆಟ್ಟಿಲ ಮೇಲೆ ಬಿಟ್ಟು ಹೇಗೆ ಹತ್ತಲಿ?" ಎಂದು ಅಕ್ಕ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಅದರ ಹಿಂದೆ ಒಂದು ಕಥೆಯೂ ಇತ್ತು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಈ ಹುಡುಗಿಯರು ಸೋದರತ್ತೆಯ ಮನೆ ಸೇರಿದ್ದರು. ಅಲ್ಲಿ ಒಂದು ದಿನ ಕಣ್ಣಾಮುಚ್ಚಾಲೆ ಆಡುತ್ತ ಇಬ್ಬರೂ ದೊಡ್ಡ ಮರದ ಬೀರುವಿನೊಳಗೆ ಅಡಗಿ ಕೂತರು, ಹೊರಗಿನ ಚಿಲಕ ತಾನಾಗಿ ಬಿದ್ದುಬಿಟ್ಟಿತು. ಅತ್ತೆ ಪೇಟೆಯಿಂದ ಬಂದು ಬಾಗಿಲು ತೆಗೆಯುವ ಹೊತ್ತಿಗೆ ತಂಗಿ ಅತ್ತೂ ಅತ್ತೂ ಮುಖವೆಲ್ಲ ಊದಿಸಿಕೊಂಡಿದ್ದಳಂತೆ. ಅಕ್ಕನೇ ಅವಳನ್ನು ತಬ್ಬಿ ಧೈರ್ಯ ಹೇಳಿದಳಂತೆ. ಅಕ್ಕ ಇದನ್ನು ಹೇಳುವಾಗೆಲ್ಲ ತಂಗಿ ಮಿಷನ್ ಮೇಲೆ ಇನ್ನಷ್ಟು ಬಗ್ಗಿ ಹೊಲಿಯುತ್ತಿದ್ದಳು. ನಾಚಿಕೆ ಪಾಪ, ಎಂದುಕೊಳ್ಳುತ್ತಿದ್ದರು ಗಿರಾಕಿಗಳು.

ತಂಗಿ ಬಿದ್ದದ್ದು ಆ ಮೆಟ್ಟಿಲುಗಳ ಮೇಲೆಯೇ. ಬೆಳಗ್ಗೆ ಅಂಗಡಿ ತೆರೆಯಲು ಹೋಗುತ್ತಿದ್ದರು. ಮುಂದೆ ಅಕ್ಕ, ಹಿಂದೆ ಬಟ್ಟೆಯ ಗಂಟು ಹಿಡಿದ ತಂಗಿ. ಅಕ್ಕ ಗುಂಡಿ ಮಾರುವವನನ್ನು ಬೈಯುತ್ತಿದ್ದಳು. ನಾಲ್ಕು ತೂತಿನ ಗುಂಡಿ ಕೇಳಿದರೆ ಎರಡು ತೂತಿನದು ಕಳಿಸಿದ್ದನಂತೆ, ಅವನ ಕಣ್ಣಿಗೆ ಏನು ಬಂದಿತ್ತಂತೆ. ಬೈದು ಬೈದು ಮಧ್ಯೆ ಉಸಿರು ತೆಗೆದುಕೊಳ್ಳಲು ನಿಂತಾಗ, ಹಿಂದಿನಿಂದ ಬರಬೇಕಾಗಿದ್ದ "ಹೂಂ" ಬರಲಿಲ್ಲ. ತಿರುಗಿ ನೋಡಿದರೆ ತಂಗಿ ಕೆಳಗಿನ ತಿರುವಿನಲ್ಲಿ ಗೋಡೆಗೆ ಒರಗಿ, ಕಾಲು ಮಡಿಸಿಕೊಂಡು ಬಿದ್ದಿದ್ದಳು. ಹಣೆಯ ಪಕ್ಕ ಚರ್ಮ ಕಿತ್ತುಬಂದಿತ್ತು. ಗಂಟನ್ನು ಮಾತ್ರ ಕೈಬಿಟ್ಟಿರಲಿಲ್ಲ.

ಅಕ್ಕ ಕೂಗಿದ ಕೂಗಿಗೆ ಕೆಳಮಹಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ಓಡಿಬಂದ. ಅವನು ತಂಗಿಗಿಂತಲೂ ಹದಿನೈದು ವರ್ಷ ಚಿಕ್ಕವನು, ಇವರನ್ನು ಸ್ವಂತ ಅಕ್ಕಂದಿರ ಹಾಗೆ ನೋಡಿಕೊಂಡವನು, ಅಕ್ಕನ ಬೈಗುಳವನ್ನೂ ಹಾಗೆಯೇ ತಿಂದವನು. ತನ್ನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ತಂಗಿಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ.

ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ನಿದ್ದೆಗೆಟ್ಟ ಕಣ್ಣು, ಆದರೆ ಮಾತು ಮೃದು. ಮಂಚದ ಪಕ್ಕ ಬಗ್ಗಿ, "ಅಮ್ಮಾ, ಹೇಗೆ ಬಿದ್ರಿ? ತಲೆ ಸುತ್ತಿತಾ, ಕಾಲು ಜಾರಿತಾ?" ಎಂದು ಕೇಳಿದಳು.

"ಕಾಲು ಜಾರಿತು" ಎಂದಳು ಕತ್ತರಿಯಕ್ಕ.

ಬಿದ್ದದ್ದು ಅವಳ ಬೆನ್ನ ಹಿಂದೆ. ಬೆನ್ನಿಗೆ ಯಾವಾಗ ಕಣ್ಣು ಬಂದಿತ್ತೋ ಅವಳಿಗೇ ಗೊತ್ತು.

"ತಲೆಗೆ ಪೆಟ್ಟಾಗಿದೆಯಲ್ಲ. ಯಾವುದಾದ್ರೂ ಮಾತ್ರೆ ತಗೋತಾರಾ?"

"ಎದೆ ಬಡಿತ ಏರುಪೇರು ಅಂತ ರಕ್ತ ತೆಳುವಾಗೋ ಮಾತ್ರೆ. ರಾತ್ರಿ ಊಟ ಆದ ಮೇಲೆ. ನಾನೇ ಕೊಡೋದು, ಒಂದು ದಿನಾನೂ ತಪ್ಪಿಸಿಲ್ಲ."

ಇದು ಸರಿಯಾದ ಉತ್ತರ, ಬೇಕಾದ ಉತ್ತರವೂ ಹೌದು. ಅಕ್ಕನಿಗೆ ಸಲ್ಲಬೇಕಾದ್ದು ಸಲ್ಲಲಿ. ಡಾಕ್ಟರ್ ತಕ್ಷಣ, "ಹಾಗಾದ್ರೆ ತಲೆಗೆ ಒಂದು ಸಿ.ಟಿ. ಸ್ಕ್ಯಾನ್ ಆಗ್ಲೇಬೇಕು. ಈ ವಯಸ್ಸಲ್ಲಿ, ಈ ಮಾತ್ರೆ ತಗೊಳ್ಳೋರಿಗೆ, ಒಳಗೆ ರಕ್ತ ಜಿನುಗ್ತಾ ಇದ್ರೂ ಹೊರಗೆ ಚೆನ್ನಾಗೇ ಕಾಣ್ತಾರೆ. ಕಾದು ನೋಡೋದು ಬೇಡ" ಎಂದಳು. ಆಮೇಲೆ ಮತ್ತೆ ತಂಗಿಯ ಕಡೆ ತಿರುಗಿ, "ಎಲ್ಲಿ ನೋವಿದೆ ಅಮ್ಮಾ?" ಎಂದಳು.

ತಂಗಿ ಬಲ ಮಂಡಿಯ ಮೇಲೆ ಕೈಯಿಟ್ಟಳು. ಆ ಕೈ ಅಲ್ಲಿಂದ ನಿಧಾನಕ್ಕೆ ತೊಡೆಯ ಮೇಲಕ್ಕೆ ಸರಿಯತೊಡಗಿತ್ತು.

"ಮಂಡಿ" ಎಂದಳು ಅಕ್ಕ. "ಜೀವನಪೂರ್ತಿ ಮಿಷನ್ ತುಳಿದ ಮಂಡಿ, ಡಾಕ್ಟ್ರೇ. ಬೀಳದೇ ಇದ್ರೂ ನೋಯ್ತಿರುತ್ತೆ."

ಕೈ ಅರ್ಧದಲ್ಲೇ ನಿಂತು, ಹಾಸಿಗೆಗೆ ಇಳಿಯಿತು. ಆ ಹೊತ್ತಿಗೆ ಪಕ್ಕದ ಪರದೆಯ ಹಿಂದೆ ಯಾರೋ ನರಳಿದರು, ಡಾಕ್ಟರ್ ಆ ಕಡೆ ಓಡುತ್ತ, ಮಂಡಿಗೆ ಎಕ್ಸ್-ರೇ ಎಂದು ಹೇಳಿ ಹೋದಳು.

ಸಿ.ಟಿ. ಕೋಣೆಯ ಬಾಗಿಲವರೆಗೆ ಅಕ್ಕ ಹೋದಳು. ಒಳಗೆ ಬಿಳಿಯ ದೊಡ್ಡ ಬಳೆಯಂಥ ಯಂತ್ರ, ಅದರೊಳಕ್ಕೆ ಜಾರುವ ಮಂಚ. ನೋಡಿದ್ದೇ ಅವಳ ಕುತ್ತಿಗೆ ಬೆವರಿತು. ಅಯ್ಯೋ, ನನ್ನ ತಂಗಿ ಎಷ್ಟು ಹೆದರಿದ್ದಾಳೋ ಪಾಪ, ಎಂದುಕೊಂಡು ಗೋಡೆ ಹಿಡಿದು ನಿಂತಳು. ತಂಗಿ ಐದು ನಿಮಿಷದಲ್ಲಿ ಹೊರಬಂದು, ಅಕ್ಕನ ಮುಖ ನೋಡಿ, ನೀರು ಕುಡಿ ಎಂದು ಸನ್ನೆ ಮಾಡಿದಳು.

ತಲೆಯೊಳಗೆ ಏನೂ ಆಗಿರಲಿಲ್ಲ. ಮಂಡಿಯ ಎಕ್ಸ್-ರೇಯಲ್ಲಿ ಸವೆತ ಇತ್ತು, ಮುರಿತ ಇರಲಿಲ್ಲ. ಡಾಕ್ಟರ್ ನೋವಿನ ಮಾತ್ರೆ ಕೊಟ್ಟು, "ಕಾಲೂರೋಕೆ ಕಷ್ಟ ಆದ್ರೆ, ನೋವು ಹೆಚ್ಚಾದ್ರೆ, ಕಾಯ್ತಾ ಕೂರಬೇಡಿ, ವಾಪಸ್ ಬನ್ನಿ" ಎಂದು ಹೇಳಿಯೇ ಕಳಿಸಿದಳು. ಕತ್ತರಿಯಕ್ಕ ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿಕೊಂಡಳು: ಮುರಿತ ಇಲ್ಲ.

ಇವರ ಮನೆ ಅಂಗಡಿಯಿಂದ ಎರಡು ಬೀದಿ ಆಚೆ, ನೆಲಮಟ್ಟದ ಎರಡು ಕೋಣೆ. ಅಕ್ಕ ಅಲ್ಲಿ ತಂಗಿಯನ್ನು ಹಾಸಿಗೆ ಹಿಡಿಯಲು ಬಿಡಲಿಲ್ಲ. "ಕೂತ್ರೆ ಮಂಡಿ ಹಿಡ್ಕೊಂಡುಬಿಡುತ್ತೆ. ಎದ್ದೇಳು, ನಾಲ್ಕು ಹೆಜ್ಜೆ ಹಾಕು. ನಾನು ಹಿಡ್ಕೊಂಡಿದೀನಲ್ಲ" ಎಂದು ಬೆಳಗ್ಗೆ ಸಂಜೆ ಕೋಣೆಯಿಂದ ಕೋಣೆಗೆ ನಡೆಸಿದಳು. ತಂಗಿ ಹಲ್ಲು ಕಚ್ಚಿ ನಡೆದಳು. ಅವಳ ಮೇಲುತುಟಿಯ ಮೇಲೆ ಬೆವರು ಮೂಡುತ್ತಿತ್ತು. ಒಮ್ಮೆ ನಿಂತು, ತೊಡೆಸಂದಿಯ ಮೇಲೆ ಕೈಯಿಟ್ಟು, "ಅಕ್ಕಾ, ನೋವು ಇಲ್ಲಿ..." ಎಂದಳು.

"ಮಂಡಿ ನೋವು ಹಾಗೇ ಮೇಲಕ್ಕೇರುತ್ತೆ. ನಂಗೊತ್ತು."

ಅವಳಿಗೆ ಗೊತ್ತಿರಲಿಲ್ಲ. ನೋವು ಮೇಲಕ್ಕೆ ಏರಿರಲಿಲ್ಲ, ಮೇಲಿಂದ ಮಂಡಿಗೆ ಇಳಿದಿತ್ತು. ಪ್ರೀತಿಯಲ್ಲಿ ಮಾಡಿದ ತಪ್ಪನ್ನು ಬೈಯುವುದು ಕಷ್ಟ, ಆದರೆ ಈ ತಪ್ಪಿಗೆ ಅವಳನ್ನು ಬೈಯಲೇಬೇಕು. ಮೂರನೆಯ ದಿನ ಬೆಳಗ್ಗೆ ತಂಗಿಗೆ ಹಾಸಿಗೆಯಿಂದ ಬಲಗಾಲನ್ನು ಎತ್ತಲಿಕ್ಕೇ ಆಗಲಿಲ್ಲ. ಎತ್ತಲು ಹೋಗಿ ಅವಳು ಮಾಡಿದ ಸದ್ದು ಚಿಕ್ಕದು, ಬಾಯಿ ಮುಚ್ಚಿಕೊಂಡು ಮಾಡಿದ್ದು. ಅಕ್ಕ ಕೈಲಿದ್ದ ಟೀ ಲೋಟವನ್ನು ಎಲ್ಲಿಟ್ಟಳೋ ಅವಳಿಗೆ ಗೊತ್ತಾಗಲಿಲ್ಲ. ಗಡಿಯಾರದವನ ಕಾರು ಮತ್ತೆ ಬಾಗಿಲಿಗೆ ಬಂತು.

ಈ ಸಲ ಸಿಕ್ಕಿದವನು ಮೂಳೆ ಡಾಕ್ಟರ್. ತಲೆ ಬೋಳು, ಹೊಟ್ಟೆ ದುಂಡಗೆ, ಯಾವ ಅವಸರವೂ ಇಲ್ಲದ ಮನುಷ್ಯ. ಅವನು ತಂಗಿಯ ಮಂಡಿಯನ್ನು ಮುಟ್ಟಿದ, ಬಗ್ಗಿಸಿದ, ಅವಳು ಸುಮ್ಮನಿದ್ದಳು. ಆಮೇಲೆ ಪಾದವನ್ನು ಹಿಡಿದು ಇಡೀ ಕಾಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದ. ತಂಗಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತೊಂದರೆ ಮಂಡೀದಲ್ಲ, ಸೊಂಟದ ಕೀಲಿಂದು ಅನ್ಸುತ್ತೆ. ಕೀಲಿನ ನೋವು ಎಷ್ಟೋ ಸಲ ಮಂಡೀಲಿ ಕಾಣಿಸ್ಕೊಳ್ಳುತ್ತೆ" ಎಂದ ಅವನು. ಕತ್ತರಿಯಕ್ಕನ ಮುಖ ಬಿಳಿಚಿಕೊಂಡಿತು.

ಸೊಂಟದ ಎಕ್ಸ್-ರೇ ತೆಗೆದರು. ಡಾಕ್ಟರ್ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿದ.

"ಇದರಲ್ಲಿ ಬಿರುಕು ಕಾಣ್ತಿಲ್ಲ."

"ಸದ್ಯ!" ಎಂದಳು ಅಕ್ಕ.

"ಕಾಣ್ತಿಲ್ಲ ಅಂದೆ ಅಮ್ಮಾ, ಇಲ್ಲ ಅನ್ನಲಿಲ್ಲ. ವಯಸ್ಸಾದೋರ ಮೂಳೆ ತೆಳು. ಕೂದಲೆಳೆಯಂಥ ಬಿರುಕು ಎಕ್ಸ್-ರೇ ಕಣ್ಣಿಗೆ ಬೀಳೋದಿಲ್ಲ. ಆದ್ರೆ ಬಿರುಕು ಇದೆ ಅಂತ ಇವರ ಕಾಲು ಹೇಳ್ತಿದೆ. ಇದ್ದು, ಇವರು ಅದರ ಮೇಲೇ ನಡೆದ್ರೆ ಮೂಳೆ ಜರುಗಿಬಿಡುತ್ತೆ. ಈಗ ಎರಡು ಮೂರು ಸ್ಕ್ರೂ ಹಾಕಿದ್ರೆ ಮುಗಿಯೋ ಕೆಲಸ, ಜರುಗಿದ್ರೆ ಕೀಲನ್ನೇ ಬದಲಾಯಿಸೋ ದೊಡ್ಡ ಆಪರೇಷನ್ ಆಗುತ್ತೆ. ಎಲ್ಲರೂ ಅದರಿಂದ ಎದ್ದು ಮೊದಲಿನ ಹಾಗೆ ಓಡಾಡಲ್ಲ."

ಎರಡು ದಿನ ಕೋಣೆಯಿಂದ ಕೋಣೆಗೆ ನಡೆಸಿದ್ದು ಅಕ್ಕನ ಕಣ್ಣ ಮುಂದೆ ಬಂತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು.

"ಈಗೇನು ಮಾಡ್ಬೇಕು?"

"ಎಂ.ಆರ್.ಐ. ಮಾಡಿದ್ರೆ ಇದೆಯೋ ಇಲ್ವೋ ಇವತ್ತೇ ಗೊತ್ತಾಗುತ್ತೆ. ಕಿರಿದಾದ ಕೊಳವೆ ಥರದ ಯಂತ್ರದೊಳಗೆ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಸದ್ದು ಜೋರು. ಬೇರೆ ಏನಲ್ಲ."

"ಆಗಲ್ಲ" ಎಂದಳು ಅಕ್ಕ, ಅವನು ಬಾಯಿ ಮುಚ್ಚುವ ಮೊದಲೇ. "ಇವಳಿಗೆ ಮುಚ್ಚಿದ ಜಾಗ ಅಂದ್ರೆ ಚಿಕ್ಕಂದಿನಿಂದ ಭಯ. ಲಿಫ್ಟನ್ನೇ ಹತ್ತೋಳಲ್ಲ. ಒಳಗೆ ಹಾಕಿದ್ರೆ ಎದೆ ಒಡೆದು ಸಾಯ್ತಾಳೆ. ಮೊನ್ನೆ ತಲೆಗೆ ಮಾಡಿದ್ರಲ್ಲ, ಆ ಬಳೆ ಯಂತ್ರ, ಅದರಲ್ಲೇ ಮಾಡಿ."

"ಸಿ.ಟಿ. ಮಾಡಬಹುದು. ಬೇಗ ಆಗುತ್ತೆ, ಬಹಳಷ್ಟು ಕಾಣುತ್ತೆ. ಆದ್ರೆ ತೀರಾ ಸಣ್ಣ ಬಿರುಕು ತಪ್ಪಿಸ್ಕೋಬಹುದು. ಅದರಲ್ಲಿ ಇಲ್ಲ ಅಂತ ಬಂದ್ರೂ ನನ್ನ ಅನುಮಾನ ಹೋಗಲ್ಲ. ಆಮೇಲೆ ಮತ್ತೆ ಎಂ.ಆರ್.ಐ.ಗೇ ಬರಬೇಕಾಗಬಹುದು. ಇವರಿಗೆ ಅದು ಸಾಧ್ಯಾನೇ ಇಲ್ಲ ಅಂದ್ರೆ ಸಿ.ಟಿ. ಸರಿ." ಅವನು ತಂಗಿಯ ಕಡೆ ತಿರುಗಿದ. "ನೀವೇನಂತೀರಿ?"

"ಅವಳೇನು ಹೇಳ್ತಾಳೆ, ನಾನು..."

"ಅಮ್ಮಾ" ಎಂದ ಡಾಕ್ಟರ್. ಸ್ವರ ಏರಿರಲಿಲ್ಲ. "ಮೊನ್ನೆ ಮಂಡಿ ಅಂತ ಹೇಳಿದ್ದು ಯಾರು?"

ಕತ್ತರಿಯಕ್ಕ ತಂಗಿಯ ಮಂಡಿಯನ್ನು ನೋಡಿದಳು.

"ಒಂದು ಹತ್ತು ನಿಮಿಷ ಹೊರಗೆ ಕೂತಿರಿ. ನಾನು ಇವರ ಹತ್ರ ಮಾತಾಡ್ತೀನಿ."

ಅರವತ್ತು ವರ್ಷದಲ್ಲಿ ತಂಗಿಯ ವಿಷಯದಲ್ಲಿ ಅವಳಿಗೆ ಹೊರಗೆ ಕೂರು ಎಂದವರು ಯಾರೂ ಇರಲಿಲ್ಲ. ಅವಳು ಕೋಪದಿಂದ ಎದ್ದಳು, ಅವಮಾನದಿಂದ ಬಾಗಿಲು ದಾಟಿದಳು, ಬೆಂಚಿನ ಮೇಲೆ ಕೂರುವ ಹೊತ್ತಿಗೆ ಅವೆರಡೂ ಇಳಿದು ಬರೀ ಹೆದರಿಕೆ ಉಳಿದಿತ್ತು. ಗಡಿಯಾರದವನು ಅಲ್ಲೇ ಕಾಯುತ್ತಿದ್ದ. "ಏನಂದ್ರು?" ಎಂದ.

"ಸುಮ್ನಿರು" ಎಂದಳು.

ಬಾಗಿಲಿನ ಆಚೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಇವಳ ಪಾದ ಎತ್ತಿಸಿ, ಕೆಳಗೆ ಒರೆಸಿ ಮುಂದೆ ಹೋದಳು. ಒಳಗೆ ಅವನು ಏನು ಕೇಳುತ್ತಿರಬಹುದೆಂದು ಊಹಿಸಿ ಕತ್ತರಿಯಕ್ಕ ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಕೊಡುತ್ತ ಹೋದಳು. ನೋವು ಯಾವಾಗಿನಿಂದ? ಬಿದ್ದಾಗಿನಿಂದ. ಹೇಗೆ ಬಿದ್ದಿರಿ? ಕಾಲು ಜಾರಿ. ಅಲ್ಲಿಗೆ ಬಂದು ನಿಂತಳು. ಕಾಲು ಜಾರಿತು ಎಂದು ಅವಳಿಗೆ ಹೇಳಿದವರು ಯಾರು? ತಂಗಿಯಂತೂ ಹೇಳಿರಲಿಲ್ಲ. ತಾನು ಕೇಳಿಯೇ ಇರಲಿಲ್ಲ. ತಂಗಿಯ ಬಾಯಿಂದ ಒಂದು ಪೂರ್ತಿ ವಾಕ್ಯ ಕೊನೆಯ ಸಲ ಕೇಳಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದಳು, ಸಿಗಲಿಲ್ಲ.

ಹತ್ತು ನಿಮಿಷ ಎಂದಿದ್ದವನು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತೆಗೆದುಕೊಂಡ. ತಂಗಿಯ ಮಾತಿಗೆ ಬೇಕಾಗುವ ಹೊತ್ತು ಅದು. ಕೊನೆಗೆ ಬಾಗಿಲು ತೆರೆದು ಒಳಗೆ ಕರೆದ.

"ಎಂ.ಆರ್.ಐ. ಮಾಡಿಸ್ಕೋತಾರಂತೆ."

"ಭಯ...?"

"ಭಯ ಏನೂ ಇಲ್ಲ ಅಂದ್ರು."

ಕತ್ತರಿಯಕ್ಕ ತಂಗಿಯನ್ನು ನೋಡಿದಳು. "ಏನೇ, ಮರೆತುಬಿಟ್ಟೆಯಾ? ಅತ್ತೆ ಮನೆ ಬೀರು? ಅತ್ತು ಅತ್ತು..."

ತಂಗಿ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. ಡಾಕ್ಟರ್ ಕಾದ. ಅಕ್ಕನೂ ಬೇರೆ ದಾರಿಯಿಲ್ಲದೆ ಕಾದಳು.

"ಅತ್ತಿದ್ದು ನೀನು ಅಕ್ಕಾ" ಎಂದಳು ತಂಗಿ. "ನಾನು ಅವತ್ತು ನಿದ್ದೆ ಮಾಡಿಬಿಟ್ಟಿದ್ದೆ. ಒಳಗೆ ಬಟ್ಟೆ ಬೆಚ್ಚಗಿತ್ತು. ಬಾಗಿಲು ತೆಗೆದಾಗ ಬೆಳಕು ಕಣ್ಣಿಗೆ ಬಿದ್ದು ನಾನೂ ಅತ್ತುಬಿಟ್ಟೆ. ಅದಕ್ಕೂ ಮುಂಚೆ ಅತ್ತಿದ್ದೆಲ್ಲ ನೀನೇ."

"ಸುಳ್ಳು!"

"ನಾನು ಒಬ್ಬಳೇ ಬ್ಯಾಂಕಿಗೆ ಹೋದಾಗೆಲ್ಲ ಅಲ್ಲಿ ಲಿಫ್ಟಲ್ಲೇ ಹೋಗ್ತೀನಿ. ಹಲ್ಲಿನ ಡಾಕ್ಟರ್ ಹತ್ರ ಹೋದಾಗಲೂ ಅಷ್ಟೆ." ತಂಗಿ ಒಂದು ಉಸಿರು ತೆಗೆದುಕೊಂಡಳು. "ಕಾಲು ಜಾರಲಿಲ್ಲ. ಎಷ್ಟೋ ತಿಂಗಳಿಂದ ಮೆಟ್ಟಿಲು ಹತ್ತೋವಾಗ ಬಲಗಾಲು ಸೋಲ್ತಿತ್ತು. ಅವತ್ತು ಪೂರ್ತಿ ಸೋತುಬಿಡ್ತು."

ಕತ್ತರಿಯಕ್ಕನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸಿ.ಟಿ. ಕೋಣೆಯ ಬಾಗಿಲಲ್ಲಿ ಯಾರ ಕುತ್ತಿಗೆ ಬೆವರಿತ್ತು ಎಂಬುದು ನೆನಪಾಯಿತು. ಅವಳು ಹತ್ತಿರವಿದ್ದ ಸ್ಟೂಲಿನ ಮೇಲೆ ಕುಸಿದು ಕೂತಳು. ತಾನು ಸುಳ್ಳು ಹೇಳುತ್ತ ಬಂದಿರಲಿಲ್ಲ, ಅದನ್ನು ನಿಜವೆಂದೇ ನಂಬಿದ್ದಳು. ತನ್ನ ಭಯವನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ತಂಗಿಯ ತಲೆಗೆ ಕಟ್ಟಿ, ತಾನು ಹಗುರಾಗಿ ಓಡಾಡಿಕೊಂಡಿದ್ದಳು. ಆ ಭಾರ ಹೊತ್ತವಳು ಮೂರು ಮಹಡಿ ಹತ್ತಿದ್ದಳು, ಇಳಿದಿದ್ದಳು.

ಎಂ.ಆರ್.ಐ. ನೋಡಿಕೊಳ್ಳುವ ಹುಡುಗಿ ಬಾಗಿಲಲ್ಲೇ ತಡೆದು, ಮೈಮೇಲೆ, ಮೈಯೊಳಗೆ ಲೋಹ ಏನಾದರೂ ಇದೆಯೇ ಎಂದು ಕೇಳಿದಳು. ಬೇಕಾದರೆ ಜೊತೆಗೊಬ್ಬರು ಒಳಗೆ ಕೂರಬಹುದು, ಅವರಿಗೂ ಅದೇ ನಿಯಮ ಎಂದಳು. ಅಕ್ಕ ತಾನೇ ಕೂರುತ್ತೇನೆಂದು ಹೇಳಿ ಅಂಗಿಯ ಕಾಲರಿನಿಂದ ಗುಂಡುಸೂಜಿ ಕಿತ್ತು ಕೊಟ್ಟಳು. ಆಮೇಲೆ ತೋಳಿನ ಮಡಿಕೆಯಿಂದ. ಆಮೇಲೆ ಸೊಂಟದ ಪಟ್ಟಿಯಿಂದ, ಜೇಬಿನ ಅಂಚಿನಿಂದ. ತಟ್ಟೆಯಲ್ಲಿ ಗುಂಡುಸೂಜಿಯ ಗುಡ್ಡೆಯೇ ಆಯಿತು. "ಅಜ್ಜೀ, ನಿಮ್ಮನ್ನ ಒಳಗೆ ಬಿಟ್ಟಿದ್ರೆ ಯಂತ್ರವೇ ನಿಮ್ಮನ್ನ ಹೊಲಿದು ಹಾಕ್ತಿತ್ತು" ಎಂದು ಹುಡುಗಿ ನಕ್ಕಳು.

"ನಿಮ್ಮ ಮೈಯಲ್ಲಿ?" ಎಂದು ಅವಳು ತಂಗಿಯನ್ನು ಕೇಳಿದಳು. ಇಲ್ಲ ಎನ್ನಲು ಅಕ್ಕನ ನಾಲಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡಳು.

ತಂಗಿ ಎಡಗೈ ತೋರುಬೆರಳನ್ನು ಎತ್ತಿ ತೋರಿಸಿದಳು. "ಇದರೊಳಗೆ ಮಿಷನ್ ಸೂಜಿಯ ತುದಿ ಇದೆ. ಮುರಿದು ಒಳಗೇ ಉಳಿದುಬಿಡ್ತು."

"ಯಾವಾಗ?" ಎಂದಳು ಅಕ್ಕ, ತಡೆಯಲಾರದೆ.

"ಶಾಲೆ ಯೂನಿಫಾರ್ಮ್ ಹೊಲೀತಿದ್ದಾಗ. ನೀನು ಗಿರಾಕಿ ಜೊತೆ ಜಗಳದಲ್ಲಿದ್ದೆ."

ಬೆರಳಿಗೊಂದು ಎಕ್ಸ್-ರೇ ತೆಗೆದು ನೋಡಿದರು. ತುಣುಕು ಇತ್ತು. ಚಿತ್ರಗಳನ್ನು ಓದುವ ಡಾಕ್ಟರ್ ಬಂದು ನೋಡಿ, ತೀರಾ ಚಿಕ್ಕದು, ಬೆರಳು ಯಂತ್ರದ ಹೊರಬದಿಗೇ ಇರುತ್ತದೆ, ಬಿಸಿಯೆನಿಸಿದರೆ ಗಂಟೆ ಒತ್ತಲಿ, ಅಡ್ಡಿಯಿಲ್ಲ ಎಂದ. ತಂಗಿಯ ಕೈಗೆ ಒತ್ತಿದರೆ ಗಂಟೆಯಾಗುವ ರಬ್ಬರಿನ ಚೆಂಡು ಕೊಟ್ಟು, ಕಿವಿಗೆ ಮುಚ್ಚಳ ಹಾಕಿ, ಮಂಚದ ಮೇಲೆ ಮಲಗಿಸಿದರು.

ಕತ್ತರಿಯಕ್ಕ ಹೊಸ್ತಿಲವರೆಗೆ ಬಂದಳು. ದಪ್ಪ ಬಾಗಿಲು, ಕಿಟಕಿಯಿಲ್ಲದ ಕೋಣೆ, ನಡುವೆ ಆ ಕೊಳವೆಯ ಬಾಯಿ. ಒಂದು ಕಾಲು ಒಳಗಿಟ್ಟಳು. ಇನ್ನೊಂದು ಬರಲೊಲ್ಲದು. ಬಾಗಿಲು ಮುಚ್ಚುತ್ತೇವೆ ಎಂದು ಹುಡುಗಿ ಹೇಳಿದ್ದೇ ತಡ, ಅವಳು ಒಳಗಿಟ್ಟ ಕಾಲನ್ನೂ ಹಿಂದಕ್ಕೆ ತೆಗೆದುಕೊಂಡಳು. ಯಾರ ಪರವಾಗಿಯೂ ಅಲ್ಲದೆ, ಅವಳು ಮೊದಲ ಬಾರಿಗೆ ತನ್ನದೇ ಮಾತು ಆಡಿದಳು.

"ನನ್ನ ಕೈಲಾಗಲ್ಲ. ನನಗೆ ಭಯ."

"ನೀನು ಹೊರಗಿರು" ಎಂದಳು ಮಲಗಿದ್ದ ತಂಗಿ, ಈ ಸಲ ಸ್ವಲ್ಪವೂ ತಡಮಾಡದೆ. "ನಾನು ಬರ್ತೀನಿ."

ಮತ್ತೆ ಅದೇ ಬೆಂಚು. ಗೋಡೆಯಾಚೆ ಯಂತ್ರ ಬಡಿಯತೊಡಗಿತು. ಅಕ್ಕ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಳು. ಬಿರುಕು ಇರದಿರಲಿ ಎಂದು ಬೇಡಿಕೊಂಡಳು. ಆಮೇಲೆ ಇದ್ದರೂ ಇರಲಿ, ನಾನು ನಡೆಸಿದ್ದರಿಂದ ಜರುಗದಿರಲಿ ಎಂದು ಬೇಡಿಕೊಂಡಳು. ಗಡಿಯಾರದವನು ಟೀ ತಂದುಕೊಟ್ಟ. ಬೈಯದೆ ಕುಡಿದಳು. ಅದನ್ನು ನೋಡಿ ಅವನಿಗೆ ನಿಜಕ್ಕೂ ಗಾಬರಿಯಾಯಿತು.

ಬಿರುಕು ಇತ್ತು. ಸೊಂಟದ ಕೀಲಿನ ಬಳಿ, ತೊಡೆಮೂಳೆಯ ಕುತ್ತಿಗೆಗೆ ಅಡ್ಡಲಾಗಿ, ಒಂದು ಗೆರೆಯ ಹಾಗೆ. ಜರುಗಿರಲಿಲ್ಲ. "ನಿಮ್ಮ ಅದೃಷ್ಟ ಚೆನ್ನಾಗಿತ್ತು. ಇನ್ನೆರಡು ದಿನ ನಡೆದಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು" ಎಂದ ಮೂಳೆ ಡಾಕ್ಟರ್. ರಕ್ತ ತೆಳುವಾಗುವ ಮಾತ್ರೆಯನ್ನು ನಿಲ್ಲಿಸಿ, ಅದರ ಪ್ರಭಾವ ಇಳಿದ ಮೇಲೆ ಸ್ಕ್ರೂ ಹಾಕುವುದು ಎಂದು ವಿವರಿಸಿ, ಒಪ್ಪಿಗೆಯೇ ಎಂದು ಕೇಳಿದ. ಕೇಳಿದ್ದು ತಂಗಿಯನ್ನು. ಕತ್ತರಿಯಕ್ಕ ಕಿಟಕಿಯ ಹೊರಗೆ ನೋಡುತ್ತ ನಿಂತಳು. ಹೊರಗೆ ನಿಲ್ಲಿಸಿದ್ದ ಕಾರುಗಳ ಬಣ್ಣಗಳನ್ನೆಲ್ಲ ಒಂದು ಸುತ್ತು ನೋಡಿ ಮುಗಿಸಿದಳು. ಆಗ ಬಂತು ಉತ್ತರ.

"ಮಾಡಿ. ನನಗೆ ನಡೀಬೇಕು."

ಆಪರೇಷನ್ ಆಯಿತು. ಮಾರನೆಯ ದಿನವೇ ತಂಗಿಯನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ನಾಲ್ಕು ಹೆಜ್ಜೆ ಇಟ್ಟು, ನೋಯುತ್ತದೆ ಎಂದು ತಾನೇ ಹೇಳಿ, ತಾನೇ ನಿಂತಳು. ಅಕ್ಕ ಇನ್ನೊಂದು ಹೆಜ್ಜೆ ಎನ್ನಲಿಲ್ಲ.

ಆ ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಊಟ ಮುಗಿಸಿ ಮಲಗಿದ್ದರು. ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತಂಗಿ ಬಿದ್ದ ದಿನದಿಂದ ಅಕ್ಕ ಕಣ್ಣು ಮುಚ್ಚಿದ್ದು ಅಷ್ಟಕ್ಕಷ್ಟೆ. ಒಂದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಕಾಲು ಸೋಲ್ತಿದ್ರೂ ಹತ್ತಿದೆಯಲ್ಲ ನನ್ನ ಜೊತೆ. ಒಂದು ಸಲ, 'ಭಯ ನಂಗಲ್ಲ, ನಿಂಗೆ' ಅಂದಿದ್ರೆ ಸಾಕಾಗಿತ್ತು."

ತಂಗಿ ಚಾವಣಿ ನೋಡುತ್ತ ಮಲಗಿದ್ದಳು. ಕತ್ತರಿಯಕ್ಕನ ಬಾಯಿಗೆ ಉತ್ತರಗಳು ಸಾಲುಗಟ್ಟಿ ಬಂದವು: ನನಗೆ ಬೇಜಾರಾಗುತ್ತೆ ಅಂತ ಅಲ್ವಾ, ನಾನು ಮಾತಾಡೋಕೇ ಬಿಡಲಿಲ್ಲ ಅಂತ ಅಲ್ವಾ. ಒಂದನ್ನೂ ಆಡಲಿಲ್ಲ. ನರ್ಸ್ ಬಂದು ಪಕ್ಕದ ಮಂಚದವರ ಜ್ವರ ನೋಡಿ ಹೋದಳು. ಅಕ್ಕ ಕಾಯುತ್ತಲೇ ಇದ್ದಳು.

"ಅತ್ತೆ ಮನೇಲಿ ನಮ್ಮೋರು ಅಂತ ನಾವಿಬ್ಬರೇ ಇದ್ದಿದ್ದು" ಎಂದಳು ತಂಗಿ ಕೊನೆಗೆ. "ನಾನು ತುಂಬ ಚಿಕ್ಕೋಳು. ಎಲ್ಲದಕ್ಕೂ ಹೆದರಿಕೆ. ನಮ್ಮಕ್ಕ ಯಾವುದಕ್ಕೂ ಹೆದರೋಳಲ್ಲ ಅಂದ್ಕೊಂಡ್ರೆ ಮಾತ್ರ ರಾತ್ರಿ ನಿದ್ದೆ ಬರ್ತಿತ್ತು. ಬೀರು ಬಾಗಿಲು ತೆಗೆದ ದಿನ ನಿನ್ನ ಮುಖ ನೋಡಿದೆ. ಅದನ್ನ ನೋಡಿಲ್ಲ ಅಂತ ಮಾಡ್ಕೊಂಡೆ. ಆಮೇಲೆ ಅದೇ ಅಭ್ಯಾಸ ಆಯ್ತು."

ಕತ್ತರಿಯಕ್ಕನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. "ಈಗ ಗೊತ್ತಾಗಿಹೋಯ್ತಲ್ಲ. ಇನ್ಮೇಲೆ ನಿದ್ದೆ ಹೇಗೆ ಮಾಡ್ತೀಯ?" ಎಂದಳು.

ತಂಗಿ ಹೊದಿಕೆಯ ಅಂಚನ್ನು ಸರಿಸಿ, ತನ್ನ ಕೈಯ ಪಕ್ಕ ಹಾಸಿಗೆಯ ಮೇಲೆ ಸ್ವಲ್ಪ ಜಾಗ ಮಾಡಿದಳು.

"ಈಗ ನೀನು ಮಲಗು" ಎಂದಳು. "ನಾನು ಎಚ್ಚರ ಇರ್ತೀನಿ."